ಹಾಸ್ಟೆಲಿಗೆ ಮುಳ್ಳುತಂತಿ

ನೆಲಮಂಗಲದ ಹತ್ತಿರ ಸೊಂಡೆಕೊಪ್ಪ ಅಂತ ಒಂದು ಊರಿದೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯವರು ಬಡ ಹುಡುಗರ ಓದಿಗೆಂದು ಕಟ್ಟಿಸಿದ್ದ ಹಾಸ್ಟೆಲೊಂದು, ಹುಡುಗರು ಬರುತ್ತಿಲ್ಲ ಎಂಬ ಕಾರಣಕ್ಕೆ ಮುಚ್ಚಿಹೋಗಿ, ವರ್ಷಗಟ್ಟಲೆ ಬೀಗ ಹಾಕಿಸಿಕೊಂಡು ಬಿದ್ದಿತ್ತು. 2019ರಲ್ಲಿ ಅದಕ್ಕೆ ಇದ್ದಕ್ಕಿದ್ದಂತೆ ಯೋಗ ಬಂತು. ಸುಣ್ಣಬಣ್ಣ ಆಯಿತು, ಕಾಂಪೌಂಡಿನ ಮೇಲೆ ಮುಳ್ಳುತಂತಿ ಬಂತು, ಕಾವಲು ಗೋಪುರ ಎದ್ದಿತು. ಓದೋ ಹುಡುಗರಿಗಲ್ಲ. ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದ ವಿದೇಶಿಯರನ್ನು ಗಡಿಯಾಚೆ ಕಳಿಸುವ ತನಕ ಕೂಡಿಹಾಕಲಿಕ್ಕೆ. ಅದೇ ಡಿಸೆಂಬರಿನಲ್ಲಿ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ನಿಂತು ಪ್ರಧಾನಮಂತ್ರಿಗಳು ದೇಶದಲ್ಲಿ ಬಂಧನ ಕೇಂದ್ರಗಳೇ ಇಲ್ಲ ಎಂದು ಭಾಷಣ ಮಾಡಿದರು. ಸೊಂಡೆಕೊಪ್ಪದ ಗೋಡೆಗಳಿಗೆ ಆ ಭಾಷಣ ಕೇಳಿಸಿರಲಿಕ್ಕಿಲ್ಲ.

ನಮ್ಮಲ್ಲಿ ಬಹಳ ಜನ ಇಂಥ ಹಾಸ್ಟೆಲುಗಳಲ್ಲೇ ಕಣ್ಣು ಬಿಟ್ಟವರು. ತಗಡಿನ ಟ್ರಂಕು, ಒಂದು ಚಾಪೆ, ಕಲ್ಲು ಆರಿಸದ ಅನ್ನ, ತಳ ಕಾಣುವ ಸಾರು. ಬೈದುಕೊಂಡೇ ತಿಂದೆವು. ಆದರೂ ಹೇಳಬೇಕು, ಪಕ್ಕದಲ್ಲಿ ಮಲಗಿದವನು 'ನೀನು ಯಾರ ಪೈಕಿ' ಎಂದು ಕೇಳದೇ ಇದ್ದ ಮೊದಲ ರಾತ್ರಿಯನ್ನು ನಾವು ಕಂಡದ್ದು ಆ ಚಾಪೆಯ ಮೇಲೆ. ಅಂಥ ಕಟ್ಟಡವನ್ನು ಪ್ರಭುತ್ವ ಹೀಗೆ ತಿರುಗಿಸಿ ಬಳಸಿದಾಗ ನಮ್ಮ ಅನೇಕ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ. 'ನಮ್ಮ ಹಾಸ್ಟೆಲನ್ನು ಪರದೇಶದವರಿಗೆ ಕೊಟ್ಟರಲ್ಲ?' ಈ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಅರ್ಧ ದಾರಿಗೇ ನಿಂತುಬಿಡುತ್ತದೆ. ಆ ಗೋಡೆಯ ಒಳಗೆ ಕೂಡಿಹಾಕಿಸಿಕೊಳ್ಳುವವನು ಯಾರು, ಅವನಿಗೂ ನಮಗೂ ಏನು ಸಂಬಂಧ ಎಂದು ಕೇಳಿಕೊಳ್ಳದ ಹೊರತು ಉಳಿದರ್ಧ ದಾರಿ ತೆರೆಯುವುದಿಲ್ಲ.

ಮೊದಲು ಕಾಗದದ ಮಾತು.

ನಮ್ಮ ಪೀಳಿಗೆಯವರ ಮಾರ್ಕ್ಸ್ ಕಾರ್ಡು ತೆಗೆದು ನೋಡಿ. ಅರ್ಧಕ್ಕರ್ಧ ಜನ ಜೂನ್ 1ನೇ ತಾರೀಕು ಹುಟ್ಟಿದವರು. ಕೇರಿಯ ಹೆಂಗಸರೆಲ್ಲ ಒಂದೇ ದಿನ ಹೆತ್ತರೇ? 'ಯಾವಾಗ ಹುಟ್ಟಿದ್ದಮ್ಮಾ ನಿನ್ನ ಮಗ?' ಅಂದರೆ ಅವ್ವ ಹೇಳುತ್ತಿದ್ದಳು: 'ಆ ದೊಡ್ಡ ಮಳೆ ಬಂದು ಕೆರೆ ಕೋಡಿ ಬಿತ್ತಲ್ಲ ಸ್ವಾಮಿ, ಅದರ ಹಿಂದಿನ ವರ್ಷ.' ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿ, ಶಾಲೆ ಶುರುವಾಗುವ ಹೊತ್ತಿಗೆ ಸರಿಹೋಗಲಿ ಅಂತ ಜೂನ್ 1 ಎಂದು ಬರೆದುಕೊಂಡರು. ಹಾಗೆ ನಾವು ಹುಟ್ಟಿದೆವು. ಅಪ್ಪನ ಹೆಸರು ಶಾಲೆಯಲ್ಲಿ ಕೆಂಚಯ್ಯ, ರೇಷನ್ ಕಾರ್ಡಿನಲ್ಲಿ ಕೆಂಚಪ್ಪ, ವೋಟರ್ ಲಿಸ್ಟಿನಲ್ಲಿ ಬರೇ ಕೆಂಚ. ಗೌಡರ ಮನೆಯಲ್ಲಿ ಅದಕ್ಕಿಂತಲೂ ಕಡಿಮೆ. ಇನ್ನು ಹೊಲದ ಪತ್ರ? ಶಾನುಭೋಗರ ಕಡತದಲ್ಲಿ ನಮ್ಮ ತಾತಂದಿರ ಹೆಸರು ಹುಡುಕಿದರೆ ಸಾಲದ ಪಟ್ಟಿಯಲ್ಲಿ ಸಿಕ್ಕೀತು, ಒಡೆತನದ ಪಟ್ಟಿಯಲ್ಲಿ ಸಿಗುವುದು ಅಪರೂಪ. ಬರೆಯುವ ಕೈ ಅವರದಾಗಿತ್ತು. ಬರೆಸಿಕೊಳ್ಳದವರು ನಾವಾಗಿದ್ದೆವು.

ಈಗ ಅಸ್ಸಾಮಿಗೆ ಹೋಗೋಣ. ಕಾಗದವೇ ಮನುಷ್ಯ ಎಂಬ ನೀತಿಯನ್ನು ಒಂದು ಇಡೀ ರಾಜ್ಯದ ಮೇಲೆ ಹೂಡಿ ನೋಡಿದ್ದು ಅಲ್ಲಿ. 2019ರ ಆಗಸ್ಟ್ 31ರಂದು ಅಲ್ಲಿಯ ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಹೊರಬಿದ್ದಾಗ 19,06,657 ಜನ ಅದರ ಹೊರಗಿದ್ದರು. ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಹೆಂಗಸರ ಪಾಡು ಇನ್ನೂ ಕಷ್ಟ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಗಂಡನ ಊರಿಗೆ ಹೋದವಳ ಹತ್ತಿರ ತಾನು ಇಂಥವರ ಮಗಳು ಎಂದು ಹೇಳುವ ಯಾವ ಕಾಗದ ಇದ್ದೀತು? ಗ್ರಾಮ ಪಂಚಾಯತಿಯ ಸೆಕ್ರೆಟರಿ ಬರೆದುಕೊಡುವ ಒಂದು ಚೀಟಿ. ಆ ಚೀಟಿಗೆ ಬೆಲೆಯಿಲ್ಲ ಎಂದು 2017ರ ಫೆಬ್ರವರಿಯಲ್ಲಿ ಗುವಾಹಟಿ ಹೈಕೋರ್ಟು ಹೇಳಿತು. ಪರಿಶೀಲಿಸಿ ಒಪ್ಪಿಕೊಳ್ಳಬಹುದು ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಡುವಿನ ಒಂಬತ್ತು ತಿಂಗಳು ಲಕ್ಷಾಂತರ ಹೆಂಗಸರು ಅಪ್ಪನಿಲ್ಲದ ಮಕ್ಕಳಾಗಿದ್ದರು.

ನಲ್ಬಾರಿ ಜಿಲ್ಲೆಯ ಒಬ್ಬ ಮನುಷ್ಯನನ್ನು 2012ರಲ್ಲಿ ವಿದೇಶಿ ಎಂದು ಅಲ್ಲಿಯ ನ್ಯಾಯಮಂಡಳಿ ತೀರ್ಮಾನಿಸಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತೀರ್ಮಾನವನ್ನು ಕಿತ್ತುಹಾಕಿತು. ಹೆಸರಿನ ಕಾಗುಣಿತದಲ್ಲಿ, ತಾರೀಕಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ ಎಂದ ಮಾತ್ರಕ್ಕೆ ಒಬ್ಬನನ್ನು ಪರದೇಶಿ ಮಾಡಲಾಗದು, ಬರೀ ಅನುಮಾನ ಸಾಕ್ಷಿಯಾಗದು ಎಂದಿತು. ಆತ ಭಾರತೀಯ ಎಂದು ಸಾರಿತು. ಆ ಹೊತ್ತಿಗೆ ಆತ ತೀರಿಕೊಂಡು ಎರಡು ವರ್ಷ ಮೀರಿತ್ತು. ಕೆಂಚ, ಕೆಂಚಯ್ಯ, ಕೆಂಚಪ್ಪ ಎಂಬ ಮೂರು ಹೆಸರಿನ ಅಪ್ಪನನ್ನು ಇಟ್ಟುಕೊಂಡಿರುವ ನಾವು ಈ ಸುದ್ದಿಯನ್ನು ದೂರದ ಸುದ್ದಿ ಎಂದು ಓದುವುದು ಹೇಗೆ?

ಇಲ್ಲಿಗೆ ನಾವು ಎತ್ತಿಕೊಂಡ ಪ್ರಶ್ನೆಯ ಬುಡಕ್ಕೆ ಬಂದೆವು. ಹಕ್ಕು ಹುಟ್ಟುವುದು ಮನುಷ್ಯನಿಂದಲೋ, ಅವನ ಕೈಲಿರುವ ಕಾಗದದಿಂದಲೋ?

ನಮ್ಮ ಸಂವಿಧಾನ ಈ ವಿಷಯದಲ್ಲಿ ಬಹಳ ಎಚ್ಚರದಿಂದ ಎರಡು ಬೇರೆ ಬೇರೆ ಮಾತುಗಳನ್ನು ಬಳಸಿದೆ. ದೇಶದಲ್ಲೆಲ್ಲ ಓಡಾಡುವ, ಎಲ್ಲಿ ಬೇಕೋ ಅಲ್ಲಿ ನೆಲೆಸುವ, ಸಂಘ ಕಟ್ಟುವ 19ನೇ ವಿಧಿಯ ಹಕ್ಕುಗಳು 'ನಾಗರಿಕ'ನಿಗೆ. ಆದರೆ ಕಾನೂನಿನ ಮುಂದೆ ಸಮಾನತೆ ಕೊಡುವ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ ಹೇಳುವುದು 'ವ್ಯಕ್ತಿ' ಎಂದು. ಹಿಡಿದುಕೊಂಡು ಹೋದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವ 22ನೇ ವಿಧಿಯೂ ವ್ಯಕ್ತಿಯ ಬಗ್ಗೆಯೇ ಮಾತಾಡುತ್ತದೆ. ಮುನ್ನೆಚ್ಚರಿಕೆಯ ಬಂಧನವನ್ನು ಬಿಟ್ಟರೆ ಅಲ್ಲಿ ಹೊರಗಿಟ್ಟದ್ದು ಶತ್ರುದೇಶದವನನ್ನು ಮಾತ್ರ. ಕೈತಪ್ಪಿ ಬಿದ್ದ ಪದಗಳಲ್ಲ ಇವು. 1931ರ ಆಗಸ್ಟಿನಲ್ಲಿ ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯವರ ಎದುರು ಕೂತು ತಮಗೆ ತಾಯ್ನಾಡೇ ಇಲ್ಲ ಎಂದು ಹೇಳಿ ಬಂದಿದ್ದ ಬಾಬಾಸಾಹೇಬರೇ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಊರಿನ ಬಾವಿಯಲ್ಲಿ ನೀರು ಸೇದಲಾಗದವನಿಗೆ ಊರು ತನ್ನದು ಎನ್ನಿಸುವುದಿಲ್ಲ. ಅಂಥವನಿಗೆ ಬೇಕಾದ ಹಕ್ಕು, ಊರು ಒಪ್ಪಲಿ ಬಿಡಲಿ, ಇರುವಂಥ ಹಕ್ಕು.

ಪದಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ ಮೊದಲ ವಾಕ್ಯದ ಕರಡಿನಲ್ಲಿ ಇಂಗ್ಲಿಷಿನಲ್ಲಿ 'ಪುರುಷರೆಲ್ಲರೂ' ಎಂಬರ್ಥದ ಮಾತಿತ್ತು. ಅದನ್ನು 'ಮಾನವರೆಲ್ಲರೂ' ಎಂದು ತಿದ್ದಿಸಿದವರು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹತಾ. ಅಂದರೆ ಹಕ್ಕಿನ ಬಾಗಿಲಲ್ಲಿ ನಿಲ್ಲಿಸಿ 'ನೀನು ಯಾರು' ಎಂದು ಕೇಳುವ ಕಾವಲುಗಾರನನ್ನು ತೆಗೆಸಿದ್ದರಲ್ಲಿ ನಮ್ಮವರ ಕೈಯೂ ಇದೆ.

ಹಾಗಿದ್ದ ಮೇಲೆ ತಕರಾರೆಲ್ಲಿ? ತಕರಾರು ಸರ್ಕಾರದ ನೀತಿಯಲ್ಲಿದೆ, ನ್ಯಾಯಾಲಯದ ಎರಡು ನಾಲಿಗೆಯಲ್ಲಿಯೂ ಇದೆ. ಪರದೇಶದವನನ್ನು ಹೊರಹಾಕುವ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು 1955ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1991ರಲ್ಲಿ ಅದನ್ನೇ ಮತ್ತೆ ಹೇಳಿತು. ಈ ನಡುವೆ ಪೂರ್ವ ಪಾಕಿಸ್ತಾನದಿಂದ 1964ರಲ್ಲಿ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರಿಗೆ ಅಲ್ಲಿಯ ವಿದ್ಯಾರ್ಥಿ ಸಂಘಟನೆ ಗಡುವು ಕೊಟ್ಟು ಜಾಗ ಖಾಲಿ ಮಾಡಿ ಎಂದಾಗ, 1996ರಲ್ಲಿ ಅದೇ ಸುಪ್ರೀಂ ಕೋರ್ಟು ಬೇರೆ ದನಿಯಲ್ಲಿ ಮಾತಾಡಿತು. ನಾಗರಿಕನಿರಲಿ ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಕಾಯುವುದು ಸರ್ಕಾರದ ಕರ್ತವ್ಯ ಎಂದಿತು. ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ತಿರುಗಿ ದೂಡಬಾರದು ಎಂಬ ಅಂತರರಾಷ್ಟ್ರೀಯ ನಿಯಮ ನಮ್ಮ 21ನೇ ವಿಧಿಯಲ್ಲೇ ಅಡಕವಾಗಿದೆ ಎಂದು 1998ರಲ್ಲಿ ಗುಜರಾತ್ ಹೈಕೋರ್ಟು ಹೇಳಿತು.

ಆಮೇಲೆ ರೋಹಿಂಗ್ಯಾ ಜನರ ಸರದಿ ಬಂತು. 2018ರ ಅಕ್ಟೋಬರಿನಲ್ಲಿ ಏಳು ಜನರನ್ನು ಅಸ್ಸಾಮಿನಿಂದ ಬರ್ಮಾಕ್ಕೆ ಒಪ್ಪಿಸಿದರು. ತಡೆಯಿರಿ ಎಂದು ಹೋದವರಿಗೆ ಕೋರ್ಟು ಇಲ್ಲ ಎಂದಿತು. 2021ರ ಏಪ್ರಿಲ್ 8ರಂದು ಜಮ್ಮುವಿನಲ್ಲಿ ಹಿಡಿದಿಟ್ಟವರ ವಿಷಯದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶವನ್ನು ನಾವು ಹಲವು ಸಲ ಓದಿದೆವು. ಅದರ ತಾತ್ಪರ್ಯ ಹೀಗಿದೆ: 14 ಮತ್ತು 21ನೇ ವಿಧಿಯ ಹಕ್ಕುಗಳು ಎಲ್ಲ ವ್ಯಕ್ತಿಗಳಿಗೂ ಉಂಟು, ಆದರೆ ಗಡೀಪಾರಾಗದೆ ಇರುವ ಹಕ್ಕು ದೇಶದಲ್ಲಿ ನೆಲೆಸುವ ಹಕ್ಕಿಗೆ ಅಂಟಿಕೊಂಡದ್ದು, ಅದು ನಾಗರಿಕರಿಗೆ ಮಾತ್ರ. ಕ್ರಮ ಪ್ರಕಾರ ಕಳಿಸಿ, ಅಷ್ಟೆ.

ಓದುವಾಗ ನಮಗೆ ಮಹಾಡಿನ ಕೆರೆ ನೆನಪಾಯಿತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. ನೀರಿನ ಹಕ್ಕು ಇತ್ತು. ಕೆರೆಯ ಮೆಟ್ಟಿಲು ಇಳಿಯುವ ಧೈರ್ಯ ಯಾರಿಗೂ ಇರದಂತೆ ಊರು ನೋಡಿಕೊಂಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಆ ಮೆಟ್ಟಿಲು ಇಳಿದರು. ಆಮೇಲೆ ಅವರ ಜನಕ್ಕೆ ಬಿದ್ದ ಏಟು ನಿಮಗೆ ಗೊತ್ತಿದೆ. ನೀರು ನಿನ್ನದು, ದಾರಿ ನಿನ್ನದಲ್ಲ ಎನ್ನುವ ಮಾತು ನಮಗೆ ಹೊಸದಲ್ಲ. ಜೀವ ನಿನ್ನದು, ಜೀವ ಉಳಿಯುವ ಜಾಗ ನಿನ್ನದಲ್ಲ ಎನ್ನುವುದು ಅದರ ತಮ್ಮ.

ಸರ್ಕಾರದ ಎಚ್ಚರಿಕೆಯನ್ನು ಮಾತ್ರ ಮೆಚ್ಚಬೇಕು. ನಿರಾಶ್ರಿತರ ಬಗೆಗಿನ 1951ರ ಒಪ್ಪಂದಕ್ಕೆ ಭಾರತ ಸೇರಲೇ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ 1979ರಲ್ಲಿ ಸೇರಿತು. ಅದರ 13ನೇ ವಿಧಿ, ಕಾನೂನುಬದ್ಧವಾಗಿ ದೇಶದೊಳಗಿರುವ ಪರದೇಶಿಯನ್ನು ಹೊರಹಾಕುವ ಮುಂಚೆ ಅವನ ಮಾತು ಕೇಳಿ ಎನ್ನುತ್ತದೆ. ಆ ವಿಧಿಯ ಹತ್ತಿರ ಬಂದು ನಮ್ಮ ಸರ್ಕಾರ, ವಿದೇಶಿಯರ ವಿಷಯದಲ್ಲಿ ನಮ್ಮ ಕಾನೂನೇ ನಮಗೆ ಎಂದು ಷರತ್ತು ಬರೆದು ಸಹಿ ಹಾಕಿತು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಬಿತ್ತು, ಅನುಮೋದನೆ ಇವತ್ತಿಗೂ ಇಲ್ಲ. ಲೋಕದ ಪಂಕ್ತಿಯಲ್ಲಿ ಕೂತು, ಎಲೆಯ ಯಾವ ಮೂಲೆಗೆ ಬಡಿಸಬಾರದು ಎಂದು ಮೊದಲೇ ಹೇಳಿಟ್ಟ ಹಾಗೆ.

'ನಮ್ಮ ಕಾನೂನು' ಎಂದರೆ ಯಾವುದು? 1946ರಲ್ಲಿ ಬ್ರಿಟಿಷರು ಬಿಟ್ಟುಹೋದ ವಿದೇಶಿಯರ ಕಾಯಿದೆ. ಅದರ ಪ್ರಕಾರ ಒಬ್ಬ ವಿದೇಶಿ ಎಂದು ಸರ್ಕಾರ ಸಾಬೀತು ಮಾಡಬೇಕಾಗಿಲ್ಲ. ತಾನು ವಿದೇಶಿ ಅಲ್ಲ ಎಂದು ಅವನೇ ಸಾಬೀತು ಮಾಡಬೇಕು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಬಂದಿದೆ, ಹಳೆಯದು ರದ್ದಾಗಿದೆ, ಈ ಭಾರ ಮಾತ್ರ ಅದೇ ಹೆಗಲ ಮೇಲಿದೆ. ಕೊಲೆ ಮಾಡಿದವನ ಮೇಲೆ ಕೂಡ ಸರ್ಕಾರವೇ ಸಾಕ್ಷಿ ತರಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟವನು ತನ್ನ ಸಾಕ್ಷಿಯನ್ನು ತಾನೇ ಹೊತ್ತುಕೊಂಡು ತಿರುಗಬೇಕು. ಅನುಮಾನಿಸುವವನಿಗೆ ಏನೂ ಖರ್ಚಿಲ್ಲ. ಊರಲ್ಲಿ ಕೋಳಿ ಕಳುವಾದರೆ ಮೊದಲು ಯಾವ ಗುಡಿಸಿಲಿಗೆ ನುಗ್ಗುತ್ತಾರೆ ಎಂಬುದನ್ನು ಬಲ್ಲ ನಮಗೆ ಈ ನ್ಯಾಯದ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು ಇದೇ. ಟಾರ್ಪಾಲಿನ ಗುಡಿಸಿಲುಗಳಲ್ಲಿ ಬಾಂಗ್ಲಾದೇಶಿಗಳಿದ್ದಾರೆ ಎಂದು ಗುಲ್ಲೆದ್ದಿತು. ಜೆಸಿಬಿ ಬಂತು, ಪೊಲೀಸರು ಬಂದರು, ಗುಡಿಸಿಲು ನೆಲಸಮ. ಬಿದ್ದ ತಗಡಿನ ಅಡಿಯಿಂದ ಹೊರಬಂದ ಗುರುತಿನ ಚೀಟಿಗಳು ಎಲ್ಲೆಲ್ಲಿಯವು? ಅಸ್ಸಾಮು, ತ್ರಿಪುರ, ಬಂಗಾಳ. ಜೊತೆಗೆ ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳು. ಬರಗಾಲಕ್ಕೆ ಗುಳೆ ಬಂದಿದ್ದ ಕನ್ನಡದ ಕೂಲಿಯವನೂ ಒಂದು ಬೆಳಗ್ಗೆಯ ಮಟ್ಟಿಗೆ ಬಾಂಗ್ಲಾದೇಶಿ ಆಗಿದ್ದ. ಹೈಕೋರ್ಟು ತಡೆಹಿಡಿದು, ಕಾನೂನು ಮೀರಿದ ಈ ಕೆಲಸಕ್ಕಾಗಿ ಮನೆ ಕಳೆದುಕೊಂಡವರಿಗೆ ಪುನರ್ವಸತಿ ಮಾಡಿಕೊಡಿ ಎಂದು ಸರ್ಕಾರಕ್ಕೆ ಹೇಳಿತು. ಹೇಳಿದ್ದು ದೊಡ್ಡದು. ಆದರೆ ಅಷ್ಟರೊಳಗೆ ಆ ಜನ ಪಾತ್ರೆಪಗಡಿ ಕಟ್ಟಿಕೊಂಡು ಎಲ್ಲೆಲ್ಲಿಗೋ ಚೆದುರಿಹೋಗಿದ್ದರು.

2025ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಬಂಗಾಳದ ಬೀರಭೂಮ್ ಜಿಲ್ಲೆಯಿಂದ ಬಂದು ದಿಲ್ಲಿಯಲ್ಲಿ ಚಿಂದಿ ಆಯ್ದು ಬದುಕುತ್ತಿದ್ದ ಬಡವರನ್ನು ಜೂನ್ ತಿಂಗಳಲ್ಲಿ ಪೊಲೀಸರು ಹಿಡಿದರು. ಅವರಲ್ಲೊಬ್ಬಳು ಬಸುರಿ. ಜೊತೆಗೆ ಎಂಟು ವರ್ಷದ ಮಗ. ಅನುಮಾನ ಬಂದವರ ಊರಿನ ರಾಜ್ಯದಿಂದ ವಿಚಾರಿಸಿ ತಿಳಿಯಲು 30 ದಿನದ ಅವಕಾಶವಿದೆ ಎಂದು ಕೇಂದ್ರ ಗೃಹ ಇಲಾಖೆಯೇ ಮೇ ತಿಂಗಳಲ್ಲಿ ಸೂಚನೆ ಕಳಿಸಿತ್ತು. ಆ 30 ದಿನ ಯಾರಿಗೆ ಬೇಕು? ಕೆಲವೇ ದಿನಗಳಲ್ಲಿ ಅವರನ್ನು ಬಾಂಗ್ಲಾದೇಶದ ಗಡಿಯಾಚೆ ದಾಟಿಸಿದರು. ಇಲ್ಲಿ ಬಾಂಗ್ಲಾದೇಶದವಳು ಎಂದು ತಳ್ಳಿಸಿಕೊಂಡವಳನ್ನು ಅಲ್ಲಿ ಭಾರತದಿಂದ ನುಸುಳಿದವಳು ಎಂದು ಜೈಲಿಗೆ ಹಾಕಿದರು. ಸೆಪ್ಟೆಂಬರ್ 26ರಂದು ಕಲ್ಕತ್ತಾ ಹೈಕೋರ್ಟು ಈ ಗಡೀಪಾರನ್ನೇ ರದ್ದು ಮಾಡಿ ಅವರನ್ನು ವಾಪಸು ಕರೆಸಿ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಡಿಸೆಂಬರ್ ಮೊದಲ ವಾರ, ಮಾನವೀಯತೆಯ ದೃಷ್ಟಿಯಿಂದ ಒಪ್ಪಿದ್ದೇವೆ ಎಂದು ಹೇಳಿ ತಾಯಿಮಗುವನ್ನು ಮಾತ್ರ ಕರೆತಂದರು. ಗಂಡ ಅಂದು ಆಚೆಯೇ ಉಳಿದ. 'ಮಾನವೀಯತೆಯ ದೃಷ್ಟಿಯಿಂದ' ಎಂಬ ಮಾತನ್ನು ಗಮನಿಸಿ. ಹಕ್ಕಿನಿಂದ ಬರಬೇಕಾದವಳು ದಯೆಯಿಂದ ಬಂದಳು. ದಯೆ ಎಂದರೇನೆಂದು ಹಟ್ಟಿಯವರಿಗೆ ಗೊತ್ತು. ಮೇಲಿನಿಂದ ಬೊಗಸೆಗೆ ಸುರಿಯುವ ನೀರು ಅದು.

ಇಷ್ಟು ಬರೆದ ಮೇಲೆ ನಮ್ಮವರೇ ಎತ್ತುವ ಪ್ರಶ್ನೆಯೊಂದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಮೂಡಿಗೆರೆ ಕಡೆಯ ಒಂದು ಸಭೆಯಲ್ಲಿ ಕಾಫಿ ತೋಟದ ಕೂಲಿಯಾಳೊಬ್ಬರು ಎದ್ದು ನಿಂತು ನೇರವಾಗಿ ಕೇಳಿದರು: 'ನಮ್ಮ ಹೈಕಳಿಗೇ ಕೆಲಸ ಇಲ್ಲ ಕಣಣ್ಣ. ಅಸ್ಸಾಮಿಯೋರು ಅಂತ ಲಾರಿಗಟ್ಟಲೆ ಬತ್ತವ್ರೆ. ಅಸ್ಸಾಮೋ ಬಾಂಗ್ಲಾನೋ ಯಾರಿಗ್ಗೊತ್ತು? ಕಮ್ಮಿ ಕೂಲಿಗೆ ಒಪ್ಕತಾರೆ. ನೀವು ಅವರ ಹಕ್ಕು ಅಂತೀರ, ನಮ್ಮ ಹೊಟ್ಟೆಗೇನ್ ಮಾಡಾದು?' ಸಭೆ ಸುಮ್ಮನಾಯಿತು. ಪಟ್ಟಣದಿಂದ ಬಂದಿದ್ದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಆಮೇಲೆ ಯೋಚಿಸಿದೆವು. ಅವನು ಕಮ್ಮಿ ಕೂಲಿಗೆ ಯಾಕೆ ಒಪ್ಪುತ್ತಾನೆ? ಹಸಿವು ನಮ್ಮವರಿಗೂ ಇದೆ, ಅದೊಂದೇ ಕಾರಣವಲ್ಲ. ಅವನು ಬಾಯಿಬಿಟ್ಟರೆ ಪೊಲೀಸಿಗೆ ಒಂದು ಫೋನು ಸಾಕು ಎಂದು ಮೇಸ್ತ್ರಿಗೂ ಗೊತ್ತು, ಧಣಿಗೂ ಗೊತ್ತು, ಅವನಿಗೂ ಗೊತ್ತು. ಗಡೀಪಾರಿನ ಬೆದರಿಕೆ ಅವನನ್ನು ತೋಟದಿಂದ ಓಡಿಸಲಿಕ್ಕೆ ಇರುವುದಲ್ಲ, ತಲೆ ತಗ್ಗಿಸಿ ತೋಟದಲ್ಲೇ ದುಡಿಸಲಿಕ್ಕೆ ಇರುವುದು. ನಮ್ಮಪ್ಪಂದಿರನ್ನು ಜೀತದಲ್ಲಿ ಹಿಡಿದಿಟ್ಟದ್ದು ಸಾಲದ ಪತ್ರ. ಇವನನ್ನು ಹಿಡಿದಿಟ್ಟಿರುವುದು ಇಲ್ಲದ ಪತ್ರ. ಅವನ ಭಯ ಹೋದ ದಿನ ಅವನ ಕೂಲಿ ಏರುತ್ತದೆ, ಅವನ ಕೂಲಿ ಏರಿದರೆ ನಮ್ಮ ಹುಡುಗನ ಕೂಲಿ ಇಳಿಸುವುದಕ್ಕೆ ಧಣಿಗೆ ನೆಪ ಇರುವುದಿಲ್ಲ. ಆ ಕೂಲಿಯಾಳಿಗೆ ನಾವು ಮುಂದಿನ ತಿಂಗಳು ಹೋಗಿ ಇದನ್ನು ಹೇಳಿದೆವು. ಅವರು ಪೂರ್ತಿ ಒಪ್ಪಲಿಲ್ಲ. 'ಧಣಿ ಮಾತು ಸರಿ' ಎಂದರು, ಅಷ್ಟೆ.

ಹಾಗಾದರೆ ದೇಶಕ್ಕೆ ಗಡಿಯೇ ಬೇಡವೇ ಎಂದು ಕೇಳುವವರುಂಟು. ನಾವು ಹಾಗೆನ್ನುವುದಿಲ್ಲ. ಯಾರು ಬರಬೇಕು, ಯಾರು ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಒಂದು ದೇಶಕ್ಕೆ ಇರಬಹುದು. ಅವನ ಮಾತನ್ನು ಅವನ ಭಾಷೆಯಲ್ಲಿ ಕೇಳಿ, ವಕೀಲರನ್ನು ಕೊಟ್ಟು, ಅವನು ಯಾವ ದೇಶದವನೆಂದು ಆ ದೇಶವೂ ಒಪ್ಪಿ, ಅಲ್ಲಿ ಅವನ ಕುತ್ತಿಗೆ ಉಳಿಯುತ್ತದೆಂದು ತಿಳಿದ ಮೇಲೆ ಕಳಿಸುವುದು ಒಂದು. ಕತ್ತಲಲ್ಲಿ ಗಡಿಗೆ ಒಯ್ದು 'ಓಡು' ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾನೂನು ಎನ್ನಬಹುದು. ಎರಡನೆಯದಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಬಹಿಷ್ಕಾರ. ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಾರೆ, ಕೇರಿಯವನ ಮಾತು ಕೇಳುವವರಿಲ್ಲ, ಅಂಗಡಿಯವನು ಉಪ್ಪು ಬೆಂಕಿಪೊಟ್ಟಣ ಕೊಡುವುದಿಲ್ಲ. ದೇಶದ ಗಡಿ ಎಳೆಯುವ ಎಷ್ಟೋ ಶತಮಾನದ ಮುಂಚೆಯೇ ಊರು ನಮ್ಮನ್ನು ಗಡೀಪಾರು ಮಾಡಿತ್ತು, ಅದೂ ನಾಲ್ಕು ಮಾರು ದೂರಕ್ಕೆ.

ಕಳಿಸಲಿಕ್ಕೆ ಜಾಗವೇ ಇಲ್ಲದಿದ್ದರೆ? 2025ರ ಫೆಬ್ರವರಿಯಲ್ಲಿ ಅಸ್ಸಾಮಿನ ಮಾಟಿಯಾ ಶಿಬಿರದಲ್ಲಿದ್ದ 63 ಜನರನ್ನು ಯಾಕಿನ್ನೂ ಕಳಿಸಿಲ್ಲ, ಮುಹೂರ್ತ ನೋಡುತ್ತಿದ್ದೀರಾ ಎಂದು ಸುಪ್ರೀಂ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆಚೆಯ ವಿಳಾಸ ಗೊತ್ತಿಲ್ಲ ಎಂದು ಸರ್ಕಾರದ ಉತ್ತರ. ವಿದೇಶಿ ಎನ್ನುವುದು ಖಾತ್ರಿಯಾಗಿ ಗೊತ್ತು, ಯಾವ ವಿದೇಶ ಎನ್ನುವುದು ಗೊತ್ತಿಲ್ಲ! ಹಾಗೆ ಗೊತ್ತಿಲ್ಲದೆ ಎಷ್ಟು ದಿನ ಕೂಡಿಹಾಕುತ್ತೀರಿ? 2019ರಲ್ಲಿ ಸುಪ್ರೀಂ ಕೋರ್ಟೇ ಮೂರು ವರ್ಷ ತುಂಬಿದವರನ್ನು ಷರತ್ತಿನ ಮೇಲೆ ಬಿಡಿ ಎಂದಿತ್ತು. ಕೊರೊನಾ ಬಂದಾಗ, 2020ರಲ್ಲಿ, ಅದನ್ನು ಎರಡು ವರ್ಷಕ್ಕೆ ಇಳಿಸಿತು. ಯಾವ ಅಪರಾಧಕ್ಕೆ ಎರಡು ವರ್ಷ?

ಎರಡು ಸರ್ಕಾರಗಳು ಕೂತು ಮನುಷ್ಯರನ್ನು ಹಂಚಿಕೊಂಡದ್ದನ್ನು ನಮ್ಮ ನಾಡೂ ಕಂಡಿದೆ. ಸಿಲೋನಿನ ತೇಯಿಲೆ ತೋಟಗಳಿಗೆ ಬ್ರಿಟಿಷರು ತಮಿಳುನಾಡಿನಿಂದ ಕೂಲಿಗಳನ್ನು ಒಯ್ದಿದ್ದರು. ಅವರಲ್ಲಿ ಬಹಳ ಮಂದಿ ಪಳ್ಳರು, ಪರೈಯರು, ಚಕ್ಕಿಲಿಯರು. 1948ರಲ್ಲಿ ಆ ದೇಶ ತಂದ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿಯವರೂ ಸಿರಿಮಾವೋ ಅವರೂ ದಿಲ್ಲಿಯಲ್ಲಿ ಲೆಕ್ಕ ಮಾಡಿದರು: ಒಟ್ಟು 9,75,000 ಜನ, ಭಾರತಕ್ಕೆ 5,25,000, ಸಿಲೋನಿಗೆ 3,00,000, ಮಿಕ್ಕ 1,50,000 ಆಮೇಲೆ ನೋಡೋಣ. 1974ರಲ್ಲಿ ಆ ಮಿಕ್ಕವರನ್ನು ಅರ್ಧರ್ಧ ಮಾಡಿಕೊಂಡರು. ಸಂತೆಯಲ್ಲಿ ಕುರಿ ಹಂಚುವಾಗಲೂ ಒಂದು ಮರಿ ತಾಯಿಯ ಹಿಂದೆ ಹೋದರೆ ಬಿಡುತ್ತಾರೆ. ಅಲ್ಲೇ ಹುಟ್ಟಿ ಅಲ್ಲೇ ಚಿಗುರು ಕಿತ್ತವರು ನೋಡದ ದೇಶಕ್ಕೆ 'ವಾಪಸು' ಬಂದರು. ಅವರಲ್ಲಿ ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಮತ್ತೆ ಕೂಲಿ, ಮತ್ತೆ ಲೈನು ಮನೆ. ಮರ ಮಾತ್ರ ಬೇರೆ.

ಗಡಿ ದಾಟಿದರೆ ಏನೇನು ಕಳೆಯುತ್ತದೆ ಎಂಬುದಕ್ಕೆ ದೇಶದೊಳಗಿನದೇ ಒಂದು ಉದಾಹರಣೆ ಸಾಕು. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಅವನು ಪರಿಶಿಷ್ಟನಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಸರ್ಟಿಫಿಕೇಟು ಚೆಕ್‌ಪೋಸ್ಟಿನಲ್ಲಿ ನಿಂತುಬಿಡುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ಮಾತ್ರ ಅವನಿಗಿಂತ ಮುಂಚೆ ಅಲ್ಲಿ ತಲುಪಿರುತ್ತದೆ.

2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಕೈಕೋಳ ಕಾಲಸರಪಳಿ ಹಾಕಿ ತಂದು ಅಮೃತಸರದಲ್ಲಿ ಇಳಿಸಿದಾಗ ದೇಶವೆಲ್ಲ ಕೂಗಿಕೊಂಡಿತು. ನಮಗೂ ಉರಿಯಿತು. ಹೊಲ ಮಾರಿ, ಏಜೆಂಟನಿಗೆ ಸುರಿದು, ಕಾಡು ದಾಟಿ ಹೋದ ಹುಡುಗರು ಅವರು; ಅವರೂ ಕಾಗದವಿಲ್ಲದವರೇ. ಅವರು ಮನುಷ್ಯರಲ್ಲವೇ ಎಂದು ಅಂದು ಕೇಳಿದವರಲ್ಲಿ ಎಷ್ಟು ಜನ ಅದೇ ಜೂನಿನಲ್ಲಿ ಬೀರಭೂಮಿನ ಬಸುರಿಯ ಬಗ್ಗೆ ಕೇಳಿದರು? ಪತ್ರಿಕೆಗಳನ್ನು ತಿರುವಿ ನೋಡಿ, ಬಹಳ ಹೊತ್ತು ಹುಡುಕಬೇಕಾಗುತ್ತದೆ.

ಈ ಪತ್ರಿಕೆಯ ಓದುಗರಲ್ಲಿ ಹಳ್ಳಿ ಮೇಷ್ಟ್ರುಗಳು ಬಹಳ. ಮನೆಮನೆಗೆ ಹೋಗಿ ಪಟ್ಟಿ ಮಾಡುವ ಕೆಲಸ ಸರ್ಕಾರ ವಹಿಸುವುದು ನಿಮಗೇ. ಬರೆಯುವ ಕೈ ಈಗ ನಿಮ್ಮದು, ಅಂದರೆ ನಮ್ಮದು. ಹೆಸರಿನ ಮುಂದೆ ಒಂದು ಗೀಟು ಎಳೆದರೆ ಏನಾಗುತ್ತದೆಂದು ಅಸ್ಸಾಮು ತೋರಿಸಿಕೊಟ್ಟಿದೆ. ಮೇಲಿಂದ ಬಂದ ಆದೇಶ, ನಾವೇನು ಮಾಡಲಿಕ್ಕಾಗುತ್ತದೆ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು.

ಮೂಡಿಗೆರೆಯ ಆ ಸಭೆಗೆ ಬಂದಿದ್ದ ಶಾಲಾ ಮೇಷ್ಟ್ರೊಬ್ಬರು ನಮಗೆ ಗೆಳೆಯರು, ಹಾಸ್ಟೆಲಿನಲ್ಲಿ ಓದಿದವರು. ತೋಟದ ಲೈನಿನಿಂದ ಒಬ್ಬ ಹೆಂಗಸು ಆರೇಳು ವರ್ಷದ ಹುಡುಗಿಯ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದು ನಿಂತಿದ್ದಳಂತೆ. ಕನ್ನಡ ಬಾರದು. ಜನನ ಪತ್ರ ಇಲ್ಲ, ಆಧಾರ್ ಇಲ್ಲ, ಯಾವೂರು ಎಂದರೆ ಒಂದು ನದಿಯ ಹೆಸರು ಹೇಳುತ್ತಾಳೆ. ಎಸ್‌ಡಿಎಂಸಿಯ ಒಬ್ಬರು ಪಕ್ಕದಲ್ಲೇ ನಿಂತು, 'ಬ್ಯಾಡ ಮೇಷ್ಟ್ರೆ, ನಾಳೆ ಕೇಸು ಗೀಸು ಆದ್ರೆ ನಿಮ್ ತಲೆಗೇ ಬತ್ತದೆ' ಎಂದರಂತೆ. ಮೇಷ್ಟ್ರು ಬೀರುವಿನಿಂದ 2009ರ ಶಿಕ್ಷಣ ಹಕ್ಕು ಕಾಯಿದೆಯ ಪುಸ್ತಕ ತೆಗೆದು, ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎನ್ನುವ 14ನೇ ಕಲಮನ್ನು ಅವರಿಗೆ ಓದಿ ಹೇಳಿದರು. ಅದರಲ್ಲಿ ಇರುವುದು 'ಮಗು' ಎಂದು, ನಾಗರಿಕನ ಮಗು ಎಂದಲ್ಲ. ಆಮೇಲೆ ದಾಖಲಾತಿ ರಿಜಿಸ್ಟರು ಬಿಡಿಸಿ, ಹುಡುಗಿಯ ಹೆಸರನ್ನು ಅವಳ ಬಾಯಿಂದಲೇ ಎರಡು ಸಲ ಹೇಳಿಸಿ, ಕನ್ನಡದಲ್ಲಿ ಹೇಗೆ ಬರುತ್ತದೋ ಹಾಗೆ ಬರೆದುಕೊಂಡರು. ಹುಟ್ಟಿದ ದಿನಾಂಕದ ಕಲಮಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತಂತೆ. ತಾಯಿಯ ಕಡೆ ನೋಡಿದರು. ಅವಳು ಕೈಯೆತ್ತಿ ಮಳೆ ಸುರಿಯುವ ಹಾಗೆ ಬೆರಳಾಡಿಸಿ ತೋರಿಸಿದಳು.

ಜೂನ್ 1 ಎಂದು ಬರೆದರು.